ಹಸಿರನ್ನು ಕೆಂಪು ಎಂದ ಮಕ್ಕಳು

ಕೂಡ್ಲಿಗಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಭೀಮರಾಜನ ಮಗಳು ಸುಕನ್ಯಾ ಶ್ರೀಲಂಕಾಕ್ಕೆ ಹೊರಟಿದ್ದಾಳೆ ಅನ್ನುವ ಸುದ್ದಿ ಡಿಪೋದಲ್ಲಿ ಹಬ್ಬಿದಾಗ ಎಲ್ಲರೂ ಮೊದಲು ಕೇಳಿದ್ದು ಯಾಕೆ ಅಂತ. ನೌಕರಿಗಾ, ಮದುವೆಗಾ, ತೀರ್ಥಯಾತ್ರೆಗಾ? ಭೀಮರಾಜನಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕಲಿಯೋಕೆ ಅಂತ ಒಬ್ಬರಿಗೆ ಹೇಳಿದ, ಕಲಿಸೋಕೆ ಅಂತ ಇನ್ನೊಬ್ಬರಿಗೆ ಹೇಳಿದ. ಸಂಜೆ ಆ ಇಬ್ಬರೂ ಚಹಾದಂಗಡಿಯಲ್ಲಿ ಸೇರಿ ತಮ್ಮ ತಮ್ಮಲ್ಲೇ ವಾದ ಮಾಡಿಕೊಂಡರು.

ಸುಕನ್ಯಾ ಆಗ ಬಳ್ಳಾರಿಯಲ್ಲಿ ಸಮಾಜಕಾರ್ಯ ಓದುತ್ತಿದ್ದಳು. ಮನೆ ಕಾನಹೊಸಹಳ್ಳಿ ಹತ್ತಿರದ ಒಂದು ಊರಲ್ಲಿ. ತಾಯಿ ಮಂಜಮ್ಮ ಅದೇ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಕಾಲೇಜಿನ ಮೇಷ್ಟ್ರು ಗುರುಬಸವರಾಜ ಸರ್ ಯಾವುದೋ ಸಂಸ್ಥೆಗೆ ಬರೆದು, ಅದರ ನೆರವಿನಿಂದ ಕೆಲವು ವಿದ್ಯಾರ್ಥಿಗಳನ್ನು ಅನುರಾಧಪುರದ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗುವವರಿದ್ದರು. ಅಲ್ಲಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಊರಿನವರ ಬದುಕು ತಿಳಿದುಕೊಳ್ಳುವುದು, ಎರಡೂ ಆಗಬೇಕು ಅಂತ ಅವರ ಯೋಚನೆ. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ ಚಹಾ ಕುಡಿಯುತ್ತಾ, ಯಾಕೆ ಹೋಗುತ್ತಿದ್ದೀ ಅಂತ ಕೇಳಿದ. ಸೇವೆಗೆ ಅಂದಳು ಸುಕನ್ಯಾ. ಆತ ಮನೆಯ ಮುಂದಿನ ಓಣಿಯನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದ.

"ಸೇವಾ ಇಲ್ಲೇ ಮಾಡಬಹುದಿತ್ತಲ್ಲವ್ವಾ," ಅಂದ.

ಆತ ಕುಹಕದಿಂದ ಹೇಳಿದ್ದಲ್ಲ. ಆದರೂ ಆ ಮಾತು ಸುಕನ್ಯಾಳ ತಲೆಯಲ್ಲಿ ಕೂತಿತು.

ಭೀಮರಾಜ ಒಪ್ಪಿದ್ದಕ್ಕೆ ಬೇರೆಯೇ ಕಾರಣ ಇತ್ತು. ಅವರದು ಬೌದ್ಧರ ಮನೆ. ಪಡಸಾಲೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕದಲ್ಲಿ ಬುದ್ಧನ ಫೋಟೋ ಇದೆ. ಬುದ್ಧನಿಗೆ ಜ್ಞಾನವಾದ ಮರದ ಟೊಂಗೆಯನ್ನು ಒಯ್ದು ನೆಟ್ಟ ಊರು ಅನುರಾಧಪುರ ಅಂತ ಅವನು ಓದಿದ್ದ. ಮಗಳು ಆ ಮರದ ಕೆಳಗೆ ನಿಂತು ಕೈ ಮುಗಿದು ಬಂದರೆ ತನಗೆ ಅಷ್ಟೇ ಸಾಕು, ಮಿಕ್ಕಿದ್ದು ಅವಳೂ ಅವಳ ಮೇಷ್ಟ್ರೂ ನೋಡಿಕೊಳ್ಳಲಿ ಅಂದ.

ವಿಮಾನ ಇಳಿದು, ಬಸ್ಸಿನಲ್ಲಿ ಬಹಳ ಹೊತ್ತು ಕೂತು ಆ ಹಳ್ಳಿ ಮುಟ್ಟಿದಾಗ ಸುಕನ್ಯಾಳಿಗೆ ಮೊದಲು ಆದದ್ದು ನಿರಾಸೆ. ಬೇರೆ ದೇಶ ಬೇರೆ ಥರ ಕಾಣುತ್ತದೆ ಅಂದುಕೊಂಡಿದ್ದಳು. ಇಲ್ಲಿಯೂ ಒಂದು ಕೆರೆ, ಕೆರೆಯ ಏರಿ, ಏರಿಯ ಮೇಲೆ ಎಮ್ಮೆ, ಒಣಗಿದ ಬಯಲು. ತೆಂಗು ಜಾಸ್ತಿ, ಧೂಳು ಕಡಿಮೆ, ಅಷ್ಟೇ. ಅಲ್ಲಿಯ ಮಕ್ಕಳು ಓಡಿ ಬಂದು "ಅಕ್ಕಾ, ಅಕ್ಕಾ" ಅಂದಾಗ ಅವಳು ಬೆಚ್ಚಿ ತಿರುಗಿ ನೋಡಿದಳು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಅಂತಲೇ ಅನ್ನುತ್ತಾರೆ, ಅಮ್ಮನಿಗೆ ಅಮ್ಮ ಅಂತಲೇ.

ಬಾಲವಾಡಿ ನಡೆಸುತ್ತಿದ್ದವಳು ಚಾಂದನಿ ಅಂತ, ಸುಕನ್ಯಾಳಿಗಿಂತ ಸ್ವಲ್ಪ ದೊಡ್ಡವಳು. ಅರೆಬರೆ ಇಂಗ್ಲಿಷಿನಲ್ಲಿ ಇಬ್ಬರಿಗೂ ಮಾತು ನಡೆಯುತ್ತಿತ್ತು. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ತರಗತಿಯನ್ನು ಬಂದವರಿಗೆ ಬಿಟ್ಟುಕೊಟ್ಟು ಚಾಂದನಿ ಹೊರಗೆ ಹೋದಳು. ಸುಕನ್ಯಾಳ ಜೊತೆಗಿದ್ದವಳು ಅಮೃತಾ, ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಪಂಚಾಕ್ಷರಪ್ಪನವರ ಮಗಳು. ಅಮೃತಾ ಮಕ್ಕಳನ್ನು ಕಂಡರೆ ತಾನೂ ಮಗುವೇ ಆಗಿಬಿಡುವವಳು. ಬಂದ ಮರುದಿನವೇ ನಮ್ಮ ಕಡೆಯ ಕುಂಟಾಬಿಲ್ಲೆ ಆಟ ಕಲಿಸಿ, ಅಂಗಳದ ತುಂಬ ಗೆರೆ ಎಳೆದು, ಕುಂಟಿ ಕುಂಟಿ ಬೆವರಿದಳು. ಸುಕನ್ಯಾಳ ಪಾಲಿಗೆ ಬಂದದ್ದು ಬಣ್ಣಗಳ ಪಾಠ.

ಬಣ್ಣದ ಹಾಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಅವಳು ರೆಡ್ ಅಂದಳು, ಬ್ಲೂ ಅಂದಳು. ಮಕ್ಕಳು ಕಣ್ಣರಳಿಸಿ ನೋಡಿ, ತಡೆದು ತಡೆದು, ಹೊಸ ತಿಂಡಿಯ ರುಚಿ ನೋಡುವವರ ಹಾಗೆ ಆ ಮಾತನ್ನು ನಾಲಗೆಯ ಮೇಲೆ ಹೊರಳಿಸಿ ತಿರುಗಿ ಹೇಳಿದರು. ಕಿಟಕಿಯಲ್ಲಿ ನಿಂತಿದ್ದ ಗುರುಬಸವರಾಜ ಸರ್‌ಗೆ ತುಂಬಾ ಖುಷಿಯಾಯಿತು. ಆದರೆ ಸುಕನ್ಯಾಳಿಗೆ ಏನೋ ಕಸಿವಿಸಿ. ಆ ಮಕ್ಕಳು ಉತ್ತರ ಹೇಳುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಒಂದು ರೀತಿ ಇತ್ತು. ಅದನ್ನು ತಾನು ಎಲ್ಲೋ ಕಂಡಿದ್ದೇನೆ ಅನಿಸಿತು. ಎಲ್ಲಿ ಅನ್ನುವುದು ಮಧ್ಯಾಹ್ನ ಅನ್ನ, ಬೇಳೆ, ತೆಂಗಿನ ಚಟ್ನಿ ಉಣ್ಣುವಾಗ ಹೊಳೆಯಿತು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಊರಿನ ಶಾಲೆಗೂ ಹೀಗೇ ಹೊರದೇಶದ ವಿದ್ಯಾರ್ಥಿಗಳು ಬಂದಿದ್ದರು. ಅವರು ಬರುವ ಹಿಂದಿನ ದಿನ ಮೈಲಪ್ಪ ಮೇಷ್ಟ್ರು ಮಕ್ಕಳನ್ನೆಲ್ಲ ಕೂಡಿಸಿ ಹೇಳಿದ್ದರು: ಪಾಪ, ಬಾಳ ದೂರದಿಂದ ಬರಾಕತ್ಯಾರ, ಅವರು ಏನರ ಕೇಳಿದ ಕೂಡಲೇ ಪಟಪಟ ಹೇಳಿಬಿಡಬ್ಯಾಡ್ರಿ, ಅವರಿಗೂ ಸ್ವಲ್ಪ ಕಲಿಸಾಕ ಬಿಡ್ರಿ. ಅದರಂತೆ ಸುಕನ್ಯಾ ತನಗೆ ಚೆನ್ನಾಗಿ ಬರುತ್ತಿದ್ದ ಎ ಬಿ ಸಿ ಡಿಯನ್ನು ಮೂರು ದಿನ ಹೊಸದಾಗಿ ಕಲಿತಿದ್ದಳು. ಕಲಿಸಿದ ಹುಡುಗಿ ಖುಷಿಯಿಂದ ಅವಳ ಕೆನ್ನೆ ಹಿಂಡಿದ್ದಳು. ಅದು ಸುಳ್ಳು ಅಂತ ಆಗ ಅನಿಸಿರಲಿಲ್ಲ. ಬಂದವರಿಗೆ ನೀರು ಕೊಟ್ಟ ಹಾಗೆ ಅನಿಸಿತ್ತು.

ಈಗ ಅವಳಿಗೆ ಅನುಮಾನ. ಮರುದಿನ ಪರೀಕ್ಷೆ ಮಾಡಿದಳು. ಹಸಿರು ಹಾಳೆ ಎತ್ತಿ ಹಿಡಿದು ಸ್ಪಷ್ಟವಾಗಿ "ರೆಡ್" ಅಂದಳು.

ಮಕ್ಕಳು ಹಾಳೆ ನೋಡಿದರು, ಅವಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದೆ ಕೂತಿದ್ದ ಒಬ್ಬ ಹುಡುಗ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಆಮೇಲೆ ಮೂಲೆಯಿಂದ ಯಾರೋ ಮೆಲ್ಲಗೆ ರೆಡ್ ಅಂದರು, ಇನ್ನೊಂದು ದನಿ ಸೇರಿತು, ಕೊನೆಗೆ ಇಡೀ ತರಗತಿ ಒಂದೇ ರಾಗದಲ್ಲಿ ಹಸಿರನ್ನು ಕೆಂಪು ಅಂತ ಒಪ್ಪಿಕೊಂಡಿತು.

ಸುಕನ್ಯಾ ಹಾಳೆಗಳನ್ನು ಜೋಡಿಸಿಟ್ಟು ಮಕ್ಕಳನ್ನು ಆಟಕ್ಕೆ ಬಿಟ್ಟಳು. ಊಟದ ಹೊತ್ತಿಗೆ ಸಂದುನಿ ಅನ್ನುವ ಪುಟ್ಟ ಹುಡುಗಿ, ಎರಡು ಜಡೆಯವಳು, ಅವಳ ಹತ್ತಿರ ಬಂದು ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಹೇಳಿದಳು:

"ಅಕ್ಕಾ, ಗ್ರೀನ್."

ಯಾರಿಗೂ ಕೇಳಿಸಬಾರದು ಅಂತ ಅಷ್ಟು ಮೆಲ್ಲಗೆ ಹೇಳಿ, ಏನೂ ಆಗಿಲ್ಲದ ಹಾಗೆ ತನ್ನ ತಟ್ಟೆಯ ಹತ್ತಿರ ಹೋಗಿ ಕೂತಳು.

ಸಂಜೆ ಸುಕನ್ಯಾ ಚಾಂದನಿಯನ್ನು ನೇರವಾಗಿ ಕೇಳಿದಳು. ಚಾಂದನಿ ಮುಚ್ಚಿಡಲಿಲ್ಲ. ಬಂದವರೆಲ್ಲ ಬಣ್ಣದಿಂದಲೇ ಶುರು ಮಾಡುತ್ತಾರೆ, ನಿಮಗಿಂತ ಮೊದಲು ಬಂದವರೂ ಅದನ್ನೇ ಮಾಡಿದ್ದು, ನಮ್ಮ ಮಕ್ಕಳಿಗೆ ಬಣ್ಣ ಚೆನ್ನಾಗಿ ಬರುತ್ತದೆ ಅಂತ ನಕ್ಕಳು.

"ಹಾಗಾದರೆ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ? ಕಲಿಸಬೇಕು ಅಂತ ಅಷ್ಟು ದೂರದಿಂದ ಬಂದವರು ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದಿರಿ."

ಆಮೇಲೆ ಚಾಂದನಿ ಇನ್ನೂ ಒಂದು ವಿಷಯ ಹೇಳಿದಳು. ಅವಳ ತಾಯಿಗೆ ಮೈ ಸರಿಯಿಲ್ಲ, ಮಧ್ಯೆ ಮಧ್ಯೆ ಮನೆಗೆ ಹೋಗಿ ಬರಬೇಕು. ಯಾರಾದರೂ ಬಂದು ತರಗತಿ ನಡೆಸಿದರೆ ಅವಳಿಗೆ ಅಷ್ಟು ಹೊತ್ತು ಸಿಗುತ್ತದೆ. ಅವರು ಬಣ್ಣ ಕಲಿಸಿದರೂ ಸರಿ, ಏನು ಕಲಿಸಿದರೂ ಸರಿ. ಮಕ್ಕಳು ನಿಮ್ಮ ಮೇಲೆ ತೋರಿಸುವ ಪ್ರೀತಿ ನಾಟಕ ಅಂದುಕೊಳ್ಳಬೇಡಿ, ಅದು ನಿಜ ಅಂದಳು.

ಆ ರಾತ್ರಿ ಸುಕನ್ಯಾಳಿಗೆ ಸಮಾಧಾನ ಆಗಲಿಲ್ಲ, ಬೇಸರವೂ ಆಗಲಿಲ್ಲ. ತಾನು ಮಾಡಿದ ಪಾಠ ವ್ಯರ್ಥ, ಆದರೆ ತಾನು ತರಗತಿಯಲ್ಲಿ ನಿಂತದ್ದು ವ್ಯರ್ಥವಲ್ಲ. ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕು ಅಂತ ಅಮೃತಾಳನ್ನು ಕೇಳಿದಳು. ಹಾಸಿಗೆ ಬಿಡಿಸುತ್ತಿದ್ದ ಅಮೃತಾ, "ನಿನಗ ಎಲ್ಲದರಾಗೂ ಒಂದು ತಕರಾರು. ಮಕ್ಕಳು ನಗಾಕತ್ಯಾವ, ನಾವೂ ನಗಾಕತ್ತೀವಿ. ಮಲಕೋ," ಅಂದು ಆ ಕಡೆ ತಿರುಗಿದಳು. ಅಮೃತಾಳ ಮಾತೂ ಸುಳ್ಳಲ್ಲ. ಅವಳು ಕಲಿಸಿದ ರೀತಿಯ ಕುಂಟಾಬಿಲ್ಲೆ ಆ ಮಕ್ಕಳಿಗೆ ನಿಜವಾಗಿಯೂ ಹೊಸದು.

ಬೆಳಿಗ್ಗೆ ಸುಕನ್ಯಾ ಗುರುಬಸವರಾಜ ಸರ್ ಹತ್ತಿರ ಹೋಗಿ, ನಾನು ಕಲಿಸುವುದಿಲ್ಲ, ಚಾಂದನಿ ಹೇಗೆ ಕಲಿಸುತ್ತಾಳೆ ಅಂತ ನೋಡಿ ಕಲಿಯುತ್ತೇನೆ ಅಂತ ಕೇಳಿಕೊಂಡಳು. ಹಸಿರು ಕೆಂಪಾದ ಕಥೆಯನ್ನೂ ಹೇಳಿದಳು. ಸರ್ ಒಳ್ಳೆಯ ಮನುಷ್ಯ, ಈ ಪ್ರವಾಸಕ್ಕಾಗಿ ಎಷ್ಟೋ ಕಡೆ ಓಡಾಡಿದ್ದರು.

"ನೀವು ನಾಕು ಮಂದಿ ಹೊರಗ ಬಂದು ಜಗತ್ತು ನೋಡ್ರಿ ಅಂತ ಕರಕೊಂಡು ಬಂದೆ ನೋಡವ್ವಾ," ಅಂದರು. "ಈ ಮಕ್ಕಳಿಗೆ ಇದರಿಂದ ಏನಕ್ಕತಿ ಅನ್ನೋದು ನಾನೂ ಅಷ್ಟು ಯೋಚನಿ ಮಾಡಿದ್ದಿಲ್ಲ."

ಅವರು ಒಪ್ಪಿದರು. ಸುಕನ್ಯಾ ತರಗತಿಯ ಹಿಂದೆ ಚಾಪೆಯ ಮೇಲೆ ಕೂತಳು. ಆದರೆ ಅದೂ ಸರಿಹೋಗಲಿಲ್ಲ. ದಿನಾ ಸಲೀಸಾಗಿ ಮಕ್ಕಳ ನಡುವೆ ಓಡಾಡಿಕೊಂಡು, ಕಥೆ ಹೇಳಿಕೊಂಡು, ಒಬ್ಬರ ಮೂಗು ಒರೆಸಿ ಇನ್ನೊಬ್ಬರ ಜಡೆ ಕಟ್ಟುತ್ತಿದ್ದ ಚಾಂದನಿ ಅವತ್ತು ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಹಲಗೆಯ ಮುಂದೆ ನೆಟ್ಟಗೆ ನಿಂತು, ಕೋಲು ಹಿಡಿದು, ಬರದ ಇಂಗ್ಲಿಷಿನಲ್ಲಿ ಪಾಠ ಮಾಡಿದಳು. ಮಕ್ಕಳು ಕೈ ಕಟ್ಟಿಕೊಂಡು ಕೂತರು. ಅವರಿಗೆ ಇದು ಇನ್ಸ್‌ಪೆಕ್ಷನ್ ಆಗಿತ್ತು. ಮಧ್ಯಾಹ್ನ ಚಾಂದನಿ ದಣಿದು ಬಂದು ಅವಳ ಪಕ್ಕ ಕೂತಳು. ನಾನು ಹೇಗೆ ಕಲಿಸುತ್ತೇನೆ ಅಂತ ನನಗೇ ಗೊತ್ತಿಲ್ಲ, ನೀವು ನೋಡುತ್ತಾ ಕೂತರೆ ಇದ್ದದ್ದೂ ಮರೆತುಹೋಗುತ್ತದೆ, ದಯವಿಟ್ಟು ನಾಳೆಯಿಂದ ಮತ್ತೆ ನೀವೇ ಪಾಠ ಮಾಡಿ ಅಂತ ಬೇಡಿಕೊಂಡಳು. ಅಮ್ಮನ ಹತ್ತಿರ ಹೋಗಲೂ ಆಗಿಲ್ಲ ಅಂದಳು.

ಹಾಗಾಗಿ ಸುಕನ್ಯಾ ಮತ್ತೆ ಬಣ್ಣದ ಹಾಳೆ ಎತ್ತಿದಳು. ಈ ಸಲ ಅವಳು ಹೆಸರು ಹೇಳದೆ ಸುಮ್ಮನೆ ಕೆಂಪು ಹಾಳೆ ತೋರಿಸಿದಳು. ಮಕ್ಕಳು ಸ್ವಲ್ಪ ಹೊತ್ತು ತಡೆದರು. ಆಮೇಲೆ ಸಂದುನಿ "ರತು" ಅಂದಳು, ಸಿಂಹಳದಲ್ಲಿ ಕೆಂಪಿಗೆ ಹಾಗೆ ಅನ್ನುತ್ತಾರೆ. ಸುಕನ್ಯಾ ಅದನ್ನು ತಪ್ಪು ತಪ್ಪಾಗಿ ಹೇಳಿದಾಗ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅದು ಕಲಿಯುವುದಾ, ಕಲಿಸುವುದಾ, ಅಥವಾ ಚಾಂದನಿ ಬರುವವರೆಗೆ ಮಕ್ಕಳನ್ನು ಕಾಯುವುದಾ ಅನ್ನುವುದು ಅವಳಿಗೆ ಗೊತ್ತಾಗಲಿಲ್ಲ. ಮಿಕ್ಕ ದಿನಗಳು ಹಾಗೇ ಕಳೆದವು.

ಒಂದು ಭಾನುವಾರ ಎಲ್ಲರೂ ಚಾಂದನಿಯ ಜೊತೆ ಅನುರಾಧಪುರದ ಬೋಧಿವೃಕ್ಷಕ್ಕೆ ಹೋದರು. ಬಿಳಿ ಬಟ್ಟೆಯ ಜನ ಸಾಲುಸಾಲಾಗಿ ಹೂ ಹಿಡಿದು ನಿಂತಿದ್ದರು. ಪಕ್ಕದಲ್ಲಿದ್ದ ಒಬ್ಬ ಮುದುಕಿ ಸುಕನ್ಯಾಳನ್ನು ಯಾವ ದೇಶ ಅಂತ ಕೇಳಿದಳು. ಭಾರತ, ನಾವು ಬೌದ್ಧರು ಅಂತ ಸುಕನ್ಯಾ ಹೇಳಿದ ಮೇಲೆ ಮುದುಕಿ ಅವಳ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡು ಏನೋ ಹೇಳಿದಳು. ಬುದ್ಧ ಹುಟ್ಟಿದ ಮಣ್ಣಿನ ಕಡೆಯವಳು, ಪುಣ್ಯವಂತೆ ಅಂತ ಅದರ ಅರ್ಥ ಅಂತ ಚಾಂದನಿ ಬಿಡಿಸಿ ಹೇಳಿದಳು. ತನ್ನ ಊರಿನಲ್ಲಿ, ನೀವು ಯಾವ ಮಂದಿ ಅಂತ ಕೇಳಿ ಕೈ ಹಿಂದಕ್ಕೆ ಎಳೆದುಕೊಂಡವರನ್ನು ಕಂಡಿದ್ದ ಸುಕನ್ಯಾ ಅಲ್ಲೇ ನಿಂತು ಅತ್ತಳು. ಅಪ್ಪನಿಗೆ ಫೋನ್ ಮಾಡಿ ಮರದ ಕೆಳಗೆ ನಿಂತಿದ್ದೇನೆ ಅಂತಷ್ಟೇ ಹೇಳಿದಳು.

ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಎಲ್ಲರೂ ತಮ್ಮ ಅನುಭವ ಹೇಳಬೇಕಾಗಿತ್ತು. ಅಮೃತಾ ಚೆನ್ನಾಗಿ ಮಾತಾಡಿದಳು. ಸುಕನ್ಯಾ ವೇದಿಕೆ ಹತ್ತಿ ಹಸಿರು ಹಾಳೆಯ ಕಥೆ ಹೇಳಿ, ನಡುವೆ ನಿಂತು, ಇದರಿಂದ ಏನು ತಿಳಿಯಿತು ಅಂತ ನನಗೆ ಇನ್ನೂ ಗೊತ್ತಾಗಿಲ್ಲ ಅಂದು ಇಳಿದು ಬಂದಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಕೂತವರಿಗೂ ತಿಳಿಯಲಿಲ್ಲ.

ಓದು ಮುಗಿಸಿದ ಅವಳಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಹಳ್ಳಿಗಳಲ್ಲಿ ಮಕ್ಕಳ ಶಿಕ್ಷಣ, ಆರೋಗ್ಯ ಅಂತ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಅದು. ಅಲ್ಲಿಗೆ ಆಗಾಗ ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ. ನೀನೂ ಹೊರಗೆ ಹೋಗಿ ಬಂದವಳು, ನಿನಗೆ ಗೊತ್ತಿರುತ್ತದೆ ಅಂತ ಆ ಜವಾಬ್ದಾರಿಯನ್ನು ಸಂಸ್ಥೆಯವರು ಅವಳಿಗೇ ಕೊಟ್ಟರು. ತನಗೆ ಗೊತ್ತಿಲ್ಲ ಅನ್ನುವುದೇ ತನಗೆ ಗೊತ್ತಿರುವುದು ಅಂತ ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮೊದಲ ಗುಂಪು ಬಂದದ್ದು ಜರ್ಮನಿಯಿಂದ. ಸುಕನ್ಯಾ ಅವರನ್ನು ತನ್ನ ಊರಿನ ಶಾಲೆಗೇ ಕರೆದುಕೊಂಡು ಹೋದಳು. ಮೊದಲೇ ಕೂಡಿಸಿ ಕಟ್ಟುನಿಟ್ಟಾಗಿ ಹೇಳಿದಳು: ಇಲ್ಲಿ ಯಾರೂ ಯಾರಿಗೂ ಏನೂ ಕಲಿಸಬೇಡಿ, ಏನೂ ಮಾಡಿಕೊಡಬೇಡಿ, ಸುಮ್ಮನೆ ನೋಡಿ, ಕೇಳಿ, ಕಲಿತುಕೊಳ್ಳಿ. ಅವರು ಪಾಪ ವಿಧೇಯ ಮಕ್ಕಳು, ಅಕ್ಷರಶಃ ಹಾಗೇ ಮಾಡಿದರು. ಕೆಲವರು ತರಗತಿಯಲ್ಲಿ ಕೂತರು, ಕೆಲವರು ಅಡುಗೆ ಮನೆಯಲ್ಲಿ ಮಂಜಮ್ಮನ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು.

ಸಂಜೆ ಮನೆಯಲ್ಲಿ ಮಂಜಮ್ಮ ಮಗಳ ಜೊತೆ ಮಾತಾಡಲಿಲ್ಲ. ಬಹಳ ಕೇಳಿದ ಮೇಲೆ ಬಾಯಿ ಬಿಟ್ಟಳು.

"ಎಳೇ ಹುಡುಗ್ರು, ಗಟ್ಟಿ ರಟ್ಟಿಯವರು. ಮುಂಜಾನಿಂದ ನನ್ನ ಕೈ ನೋಡ್ಕೊಂತ ಕುಂತಿದ್ರು. ಅಷ್ಟು ದೊಡ್ಡ ಸಾರಿನ ಡಬರಿ ನಾ ಒಬ್ಬಾಕಿ ಇಳಸ್ತಿದ್ರ, ಒಬ್ರೂ ಎದ್ದು ಒಂದು ಕೈ ಹಚ್ಚಲಿಲ್ಲ. ಕೇಳಿದ್ರ, ನೀನ ಬ್ಯಾಡ ಅಂದೀಯಂತ. ನಾನೇನು ನೋಡೋ ವಸ್ತುನ?"

ಶ್ರೀಲಂಕಾದಲ್ಲಿ ತಾನು ಚಾಪೆಯ ಮೇಲೆ ಕೂತಾಗ ಚಾಂದನಿ ಒಳ್ಳೆಯ ಸೀರೆ ಉಟ್ಟು ನೆಟ್ಟಗೆ ನಿಂತು ದಣಿದದ್ದನ್ನು ಕಣ್ಣಾರೆ ಕಂಡಿದ್ದೂ ಸುಕನ್ಯಾ ಇಲ್ಲಿ ಅದನ್ನೇ ಮಾಡಿಸಿದ್ದಳು. ಮರುದಿನ ವಿದ್ಯಾರ್ಥಿಗಳಿಗೆ ಅಡುಗೆಗೆ ಕೈ ಹಚ್ಚಲು ಹೇಳಿದಳು. ಅವರಿಗೂ ಅದೇ ಬೇಕಾಗಿತ್ತು, ಖುಷಿಯಿಂದ ಎದ್ದರು. ಯೋನಾಸ್ ಅನ್ನುವ ಎತ್ತರದ ಹುಡುಗ ಅನ್ನದ ಗಂಜಿ ಬಸಿಯಲು ಹೋಗಿ, ಪಾತ್ರೆ ಹಿಡಿಯುವ ಬಟ್ಟೆ ಜಾರಿ, ಕಾಲ ಮೇಲೆ ಸುರಿದುಕೊಂಡ. ಮಂಜಮ್ಮ ಒಲೆ ಬಿಟ್ಟು ಅವನ ಕಾಲನ್ನು ನಳದ ಕೆಳಗೆ ಹಿಡಿದು ಕೂತಳು. ಆಮೇಲೆ ಆಸ್ಪತ್ರೆಗೂ ಅವಳೇ ಹೋದಳು, ಅವನು ಅವಳ ಕೈ ಬಿಡಲಿಲ್ಲವಾದ್ದರಿಂದ. ಸಾರು ತಳ ಹತ್ತಿತು. ಮಕ್ಕಳು ತಡವಾಗಿ ಸೀದ ಸಾರು ಉಂಡರು.

ಗಾಯ ದೊಡ್ಡದಾಗಿರಲಿಲ್ಲ. ಮುಂದಿನ ದಿನಗಳಲ್ಲಿ ಯೋನಾಸ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಶಾಲೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವನಿಂದ ಯಾವ ಸೇವೆಯೂ ಆಗುತ್ತಿರಲಿಲ್ಲ, ನೋಡಲು ಅಡುಗೆ ಮನೆಗೆ ಹೋಗಲೂ ಮಂಜಮ್ಮ ಬಿಡುತ್ತಿರಲಿಲ್ಲ. ಮಕ್ಕಳು ಮಾತ್ರ ಬಿಡುವಾದಾಗೆಲ್ಲ ಅವನ ಸುತ್ತ ಸೇರಿ, ಅವನಿಗೆ ಪುಟಾಣಿ ಕಡಲೆ ತಿನ್ನಿಸಿ, ಕನ್ನಡದಲ್ಲಿ ಬೈಗುಳ ಕಲಿಸಿದರು. ಹೊರಡುವ ದಿನ ಅವನು ಮಂಜಮ್ಮನ ಕಾಲು ಮುಟ್ಟಿದ. ಅವಳು ಅವನಿಗೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಆಮೇಲೆ ಮಗಳ ಹತ್ತಿರ ಬಂದು, ಹುಡುಗ ಬಾಳ ಚಲೋ ಅದಾನ, ಆದರ ಇನ್ನೊಂದು ಸಲ ಯಾರನ್ನೂ ನಮ್ಮ ಸಾಲಿಗೆ ಕರಕೊಂಡು ಬರಬ್ಯಾಡ, ನನಗ ಕೆಲಸ ಐತಿ ಅಂದಳು.

ಆ ಗುಂಪು ಹೋದ ಮೇಲೆ ಸಂಸ್ಥೆಯವರು ಮುಂದಿನ ಗುಂಪಿಗೆ ಏನು ಹೇಳಬೇಕು ಅಂತ ಬರೆದುಕೊಡಲು ಹೇಳಿದರು. ಸುಕನ್ಯಾ ಕಲಿಕೆ ಅಂತ ಬರೆದಳು, ಹೊಡೆದು ಹಾಕಿ ಸೇವೆ ಅಂತ ಬರೆದಳು, ಅದನ್ನೂ ಹೊಡೆದಳು. ಅಪ್ಪನನ್ನು ಕೇಳಿದರೆ ಅವನು ತನ್ನ ಡಿಪೋದ ಮಾತು ಹೇಳಿದ. ಹೊಸದಾಗಿ ಟ್ರೇನಿಂಗಿಗೆ ಬಂದ ಹುಡುಗರು ಮೊದಲು ಕೆಲಸ ಕೆಡಿಸುತ್ತಾರೆ, ಆದರೂ ನಾವು ಸಹಿಸಿಕೊಳ್ಳುತ್ತೇವೆ, ಯಾಕೆಂದರೆ ನಾಳೆ ಅವರು ಇಲ್ಲೇ ಕೆಲಸ ಮಾಡುವವರು.

"ಇವರು ನಾಳಿ ಇರಂಗಿಲ್ಲಲ್ಲಪ್ಪಾ," ಅಂದಳು ಸುಕನ್ಯಾ.

"ಹೌದು, ಅದ ನೋಡು," ಅಂದು ಭೀಮರಾಜನೂ ಯೋಚನೆಯಲ್ಲಿ ಬಿದ್ದ.

ಈಗ ಮಂಜಮ್ಮನ ಶಾಲೆ ಸಿಗದಿದ್ದರಿಂದ ಬೇರೆ ಊರು ಹುಡುಕಬೇಕಾಗಿತ್ತು. ಸುಕನ್ಯಾ ಬಸ್ ಹತ್ತಿ ಹಡಗಲಿ ಕಡೆಯ ಒಂದು ಹಳ್ಳಿಗೆ ಹೋದಳು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಪಂಪಮ್ಮ ಅನ್ನುವವರು, ನಿವೃತ್ತಿಗೆ ಹತ್ತಿರವಾದವರು, ಅವಳನ್ನು ಕೂಡಿಸಿ ನೀರು ಕೊಟ್ಟರು. ಸುಕನ್ಯಾ ಬಂದ ಕೆಲಸ ಹೇಳಿದಳು. ಹೊರದೇಶದ ಕೆಲವು ಹುಡುಗ ಹುಡುಗಿಯರು ನಿಮ್ಮ ಶಾಲೆಗೆ ಕೆಲವು ದಿನ ಬರಬಹುದಾ ಅಂತ ಕೇಳಿದಳು.

"ಬಂದು ಏನು ಮಾಡ್ತಾರ ಅವರು?" ಪಂಪಮ್ಮ ಕೇಳಿದರು.

ಬೇರೆಯವರಾಗಿದ್ದರೆ ಇದಕ್ಕೆ ಸಿದ್ಧ ಉತ್ತರ ಇರುತ್ತಿತ್ತು. ಸುಕನ್ಯಾ ಲೋಟ ಕೆಳಗಿಟ್ಟಳು.

"ನನಗೂ ಗೊತ್ತಿಲ್ರಿ ಮೇಡಂ. ನಾನ ಹೊರದೇಶಕ್ಕ ಹೋಗಿ ಕಲಿಸಿ ನೋಡಿದೆ, ಸರಿ ಹೋಗಲಿಲ್ಲ. ಇಲ್ಲಿಗೆ ಬಂದವರಿಗೆ ಸುಮ್ನ ನೋಡ್ರಿ ಅಂದೆ, ಅದೂ ಸರಿ ಹೋಗಲಿಲ್ಲ. ನಿಮಗ ಏನು ಬೇಕು ಅಂತ ಕೇಳಾಕ ಬಂದೀನಿ."

ಪಂಪಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಬಂದವರೆಲ್ಲ ಏನು ಕೊಡುತ್ತೇವೆ ಅಂತ ಹೇಳಿದ್ದಾರೆ, ಏನು ಬೇಕು ಅಂತ ಯಾರೂ ಕೇಳಿಲ್ಲ, ಹಾಗಾಗಿ ನನಗೂ ಥಟ್ಟನೆ ಹೊಳೆಯುತ್ತಿಲ್ಲ ಅಂದರು. ಮಕ್ಕಳನ್ನು ಕೇಳಬೇಕು, ಅಡುಗೆಯವರನ್ನು ಕೇಳಬೇಕು, ಊರಿನ ನಾಲ್ಕು ಹೆಣ್ಣುಮಕ್ಕಳನ್ನೂ ಕೇಳಬೇಕು. ಅವರೆಲ್ಲ ಒಂದೇ ಮಾತು ಹೇಳುತ್ತಾರೆ ಅನ್ನುವ ಭರವಸೆಯೂ ತನಗಿಲ್ಲ ಅಂದರು.

"ಮುಂದಿನ ವಾರ ಬರ್ರಿ, ನೋಡೋಣು," ಅಂದು ಗಂಟೆ ಬಾರಿಸಲು ಎದ್ದು ಹೋದರು.

ಸುಕನ್ಯಾ ರಸ್ತೆಗೆ ಬಂದು ಬಸ್ಸಿಗೆ ನಿಂತಳು. ಹಗರಿಬೊಮ್ಮನಹಳ್ಳಿಯಿಂದ ಸಂಸ್ಥೆಯವರು ಫೋನ್ ಮಾಡಿ ಕೆಲಸ ಆಯಿತಾ ಅಂತ ಕೇಳಿದರು. ಇನ್ನೂ ಇಲ್ಲ ಅಂದಳು. ಶಾಲೆಯವರು ಬರಲಿ ಅಂದರಾ, ಬೇಡ ಅಂದರಾ ಅಂತ ಮತ್ತೆ ಕೇಳಿದರು. ಎರಡೂ ಅನ್ನಲಿಲ್ಲ, ಮುಂದಿನ ವಾರ ಮತ್ತೆ ಇಲ್ಲಿಗೆ ಬರಬೇಕು ಅಂತ ಹೇಳಿ, ಎದುರಿಗೆ ಬಂದ ಬಸ್ಸಿಗೆ ಕೈ ಮಾಡಿದಳು.